ಶುಕ್ರವಾರದ ಪಿಸ್ತೂಲು

ಸುತ್ತಿದ್ದ ಬಟ್ಟೆ ಬಿಚ್ಚಿ ಪಿಸ್ತೂಲನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಮೂಗಿಗೆ ಬಡಿದದ್ದು ಕೊಬ್ಬರಿ ಎಣ್ಣೆಯ ವಾಸನೆ. ಬಂದೂಕಿನ ಎಣ್ಣೆ ಯಾವುದು, ಸುಟ್ಟ ಮದ್ದು ಯಾವುದು ಎಂದು ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಇದು ತಲೆಗೆ ಹಚ್ಚುವ ಎಣ್ಣೆ, ಅದೂ ಹಳಸಿ ಕಮಟು ಹಿಡಿದದ್ದು. ಪಿಸ್ತೂಲಿನ ನೆತ್ತಿಯ ಮೇಲೆ ಹಳೆಯ ಎಂಟಾಣೆಯಷ್ಟು ಅಗಲದ ಒಂದು ಕೆಂಪು ಕಲೆ ಬೇರೆ.

"ಏನ್ ಭಾಯ್, ಇದಕ್ಕೆ ಮದುವೆ ಮಾಡ್ಸಿದ್ದಾರಾ?" ಅಂದೆ.

ದೊಡ್ಡಬಳ್ಳಾಪುರದಲ್ಲಿ ಬಂದೂಕಿನ ಅಂಗಡಿ ಇಟ್ಟಿರುವ ಭಾಯ್ ನನಗೆ ಇಪ್ಪತ್ತು ವರ್ಷದ ಸ್ನೇಹಿತರು. ಮಾರಾಟ, ರಿಪೇರಿ, ಲೈಸೆನ್ಸ್ ತೊಡಕಿನಲ್ಲಿರುವ ಬಂದೂಕುಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು, ಎಲ್ಲಾ ಅವರೇ. ಅವರು ನಕ್ಕರು. "ಆಯುಧಪೂಜೆ ಮುಗಿದ ಮಾರನೇ ವಾರ ನನ್ ಅಂಗಡಿಗೆ ಬರೋದೆಲ್ಲಾ ಹಿಂಗೇ ಅರಿಶಿನ ಕುಂಕುಮ ಇಟ್ಕೊಂಡೇ ಬರ್ತವೆ ಮೇಡಂ. ಆದ್ರೆ ಇದು ಸ್ವಲ್ಪ ಜಾಸ್ತೀನೇ ಆಯ್ತು ನೋಡಿ."

ಮೇಜಿನ ಆ ಬದಿಯಲ್ಲಿ ನಿಂತಿದ್ದ ಹುಡುಗಿ ನಗಲಿಲ್ಲ. ಹುಡುಗಿ ಎನ್ನುವುದು ನನ್ನ ಅಭ್ಯಾಸ, ಮೂವತ್ತೈದು ದಾಟಿದ ಹೆಂಗಸು. ಸೋಂಪುರದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವ ಕೆಲಸ. ನಾನು ನೆಲಮಂಗಲದ ಹತ್ತಿರದ ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲು ಕಲಿಸುತ್ತೇನೆ. ಭಾನುವಾರ ತಪ್ಪದೆ ಬಂದು ರೇಂಜಿನ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುವವರ ಪೈಕಿ ಇವಳು ಹಠಮಾರಿ. ಮೇಜಿನ ಮೇಲಿದ್ದದ್ದು ಅವಳ ಅಪ್ಪನ ಪಿಸ್ತೂಲು. ಅವರೂ ಒಂದು ಕಾಲಕ್ಕೆ ರಾಜ್ಯದ ಪಂದ್ಯಗಳಲ್ಲಿ ಹೊಡೆದವರು. ಹೋದ ವರ್ಷ ಅನುಗೊಂಡನಹಳ್ಳಿಯ ಮನೆಯಲ್ಲಿ ತೀರಿಕೊಂಡರು. ಕಾನೂನಿನ ಪ್ರಕಾರ ಮಗಳು ಪಿಸ್ತೂಲನ್ನು ತಂದು ಭಾಯ್ ಹತ್ತಿರ ಒಪ್ಪಿಸಿದ್ದಳು.

ಈಗ ಅದು ಅವಳಿಗೆ ಬೇಕಿತ್ತು. ಅವಳ ಬಳಿ ಲೈಸೆನ್ಸ್ ಇದೆ, ಅಮ್ಮನ ಒಪ್ಪಿಗೆ ಇದೆ. ಅಣ್ಣನ ಸಹಿ ಇಲ್ಲ. ವಾರಸುದಾರರಲ್ಲಿ ಒಬ್ಬರು ಒಪ್ಪದಿದ್ದರೂ ಹೆಸರು ವರ್ಗಾವಣೆ ಆಗುವುದಿಲ್ಲ.

ಅಣ್ಣ ಅಂದೇ ಬಂದರು. ಹೊಸಕೋಟೆಯಲ್ಲಿ ಟೈಲ್ಸ್ ಅಂಗಡಿ, ಮಾತು ನೇರ, ನನಗೆ ಅಂಥವರೇ ಇಷ್ಟ.

"ಮೇಡಂ, ಮುಚ್ಚುಮರೆ ಇಲ್ದೆ ಹೇಳ್ಬಿಡ್ತೀನಿ. ಹಳೇ ಬಂದೂಕು ಕೂಡಿಡೋ ಒಬ್ರು ನಂಗೆ ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ. ಇದು ಮಹಾಯುದ್ಧದ ಕಾಲದ ಮಾಲು, ಜರ್ಮನಿದು. ಒಳ್ಳೇ ರೇಟು ಹೇಳಿದ್ದಾರೆ. ಇವಳು ನೋಡಿದ್ರೆ ಅಪ್ಪನ ನೆನಪು ಅಂತಾಳೆ. ನೆನಪಿಗೆ ಫೋಟೋ ಇದೆಯಲ್ಲ? ಅಲ್ಮೇರಾದಲ್ಲಿ ಸುಮ್ನೆ ಕೂತ್ಕೊಳ್ಳೋ ಪಿಸ್ತೂಲಿಗೆ ಇಲ್ಲದ ರಗಳೆ ಯಾಕೆ?"

"ಸುಮ್ನೆ ಕೂರಲ್ಲ. ನಾನು ಅದರಲ್ಲೇ ಪಂದ್ಯ ಹೊಡೀತೀನಿ," ಅಂದಳು ತಂಗಿ.

"ಹೊಡಿ. ಒಂದು ಪಂದ್ಯಕ್ಕೆ ಎಷ್ಟು ಗುಂಡು ಬೇಕೋ ಅಷ್ಟನ್ನೂ ನನ್ ಎದುರಿಗೆ ಹೊಡಿ. ಎಲ್ಲೂ ಸಿಕ್ಕಾಕ್ಕೋಬಾರ್ದು. ಸಿಕ್ಕಾಕ್ಕೊಂತಾ, ಮಾರೋದೇ. ಆಗ ಕಣ್ಣಲ್ಲಿ ನೀರು ಹಾಕ್ಬಾರ್ದು."

ಅವಳು ಹೂಂ ಅಂದಳು. ನನ್ನನ್ನು ಒಂದು ಮಾತೂ ಕೇಳದೆ ನನ್ನ ತಲೆಯ ಮೇಲೆ ಕೆಲಸ ಹೊರಿಸಿದ್ದು ಹೀಗೆ.

ನಾನು ಮೊದಲು ಪಿಸ್ತೂಲಿನ ವಯಸ್ಸಿನ ವಿಚಾರ ತೀರಿಸಿದೆ. ಯುದ್ಧದ ಕಾಲದ್ದು ಎಂದು ನಂಬಲು ಅಣ್ಣನಿಗಿದ್ದ ಆಧಾರ ನಳಿಕೆಯ ಪಕ್ಕದಲ್ಲಿದ್ದ ಒಂದು ಪುಟ್ಟ ಹದ್ದಿನ ಮುದ್ರೆ. ಫೋನಿನ ಗಿರಾಕಿಯೂ ಫೋಟೋದಲ್ಲಿ ಅದನ್ನೇ ನೋಡಿ ಮರುಳಾಗಿದ್ದರು. ಜರ್ಮನಿಯಲ್ಲಿ ಪ್ರತಿ ಬಂದೂಕನ್ನೂ ಸರ್ಕಾರದ ಪರೀಕ್ಷಾ ಮನೆಯಲ್ಲಿ ಹೊಡೆದು ನೋಡಿ ಮುದ್ರೆ ಒತ್ತುತ್ತಾರೆ. ಹದ್ದು, ಅದರ ಕೆಳಗೆ ಎನ್ ಅಕ್ಷರ: ಆಧುನಿಕ ಮದ್ದಿಗೆ ತಡೆಯುತ್ತದೆ ಎಂದಷ್ಟೇ ಅರ್ಥ. ಯುದ್ಧ ಮುಗಿದ ಮೇಲೂ ಹದ್ದು ಹಾರಿಕೊಂಡೇ ಇದೆ. ನೋಡಬೇಕಾದದ್ದು ಅದರ ಪಕ್ಕದಲ್ಲಿದ್ದದ್ದು, ಸಾರಂಗದ ಒಂದು ಕೊಂಬಿನ ಗುರುತು ಮತ್ತು ಎಚ್, ಜಿ ಎಂಬ ಎರಡು ಅಕ್ಷರ. ಕೊಂಬು ಯಾವ ಊರಿನ ಪರೀಕ್ಷಾ ಮನೆ ಎಂದು ಹೇಳುತ್ತದೆ. ಅಕ್ಷರಗಳು ವರ್ಷ ಹೇಳುತ್ತವೆ. ಎ ಅಂದರೆ ಸೊನ್ನೆ, ಬಿ ಅಂದರೆ ಒಂದು, ಹಾಗೇ ಎಣಿಸುತ್ತಾ ಹೋದರೆ ಎಚ್ ಏಳು, ಜಿ ಆರು.

"ಎಪ್ಪತ್ತಾರರ ಪಿಸ್ತೂಲು. ಯುದ್ಧ ನೋಡಿಲ್ಲ, ಕ್ಯಾಸೆಟ್ಟಿನ ಕಾಲ ನೋಡಿದೆ," ಅಂದೆ.

ಅಣ್ಣನ ಮುಖ ಇಳಿಯಿತು. "ಹಂಗಾದ್ರೆ ರೇಟು?"

ರೇಟು ಇಳಿಯುತ್ತದೆ, ಬಿದ್ದು ಹೋಗುವುದಿಲ್ಲ ಎಂದು ವಿವರಿಸಿದೆ. ಇಂಥ ವಿದೇಶಿ ಪಿಸ್ತೂಲು ಈಗ ನಮ್ಮ ದೇಶಕ್ಕೆ ಸುಲಭವಾಗಿ ಬರುವುದಿಲ್ಲ. ಆದ್ದರಿಂದ ಅಲ್ಲಿ ಹಳೇ ಸಾಮಾನು ಅನ್ನಿಸಿಕೊಂಡದ್ದಕ್ಕೂ ಇಲ್ಲಿ ಕಾರಿನ ಬೆಲೆ ಸಿಗುತ್ತದೆ. ಚೌಕಟ್ಟು, ನಳಿಕೆ, ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡು, ಮೂರರ ಮೇಲೂ ಒಂದೇ ನಂಬರ್ ಇತ್ತು, ಅಂದರೆ ಯಾವುದೂ ಬದಲಾಗಿಲ್ಲ, ಅದು ದೊಡ್ಡ ಪುಣ್ಯ. ಹಿಡಿ ಮಾತ್ರ ಅಪ್ಪ ತನ್ನ ಅಂಗೈಗೆ ತಕ್ಕಂತೆ ಕೆತ್ತಿ, ಮರದ ಪುಟ್ಟಿ ಮೆತ್ತಿ ಬದಲಾಯಿಸಿದ್ದರು. ಕೂಡಿಡುವವರು ಅದಕ್ಕೆ ಮೂಗು ಮುರಿಯುತ್ತಾರೆ. ಹೊಡೆಯುವ ನಾನು ಅದನ್ನು ನೋಡಿ, ಈ ಮನುಷ್ಯನಿಗೆ ಕೆಲಸ ಗೊತ್ತಿತ್ತು ಅಂದುಕೊಂಡೆ. ಇನ್ನು ನೆತ್ತಿಯ ಕೆಂಪು ಕಲೆ. ಕುಂಕುಮದ ಕೆಳಗೆ ಉಕ್ಕಿನ ನೀಲಿ ಬಣ್ಣವನ್ನು ತುಕ್ಕು ತಿಂದಿತ್ತು.

"ಪಾಲಿಶ್ ಹೊಡೆದು ಹೊಸಾ ಬ್ಲೂ ಏರಿಸ್ಬಿಡ್ಲಾ? ಕಣ್ಣು ಕುಕ್ಕೋ ಹಂಗೆ ಮಾಡ್ಕೊಡ್ತೀನಿ," ಅಂದರು ಭಾಯ್.

"ಮುಟ್ಟಿದ್ರೆ ಕೈ ಮುರೀತೀನಿ. ಬಣ್ಣ ಹೊಸದಾದ್ರೆ ಹಳೇ ಪಿಸ್ತೂಲು ಅಂತ ಯಾರೂ ನಂಬಲ್ಲ. ತುಕ್ಕು ಬೆಳೀದಂಗೆ ಎಣ್ಣೆ ಒರೆಸಿ, ಕಲೆ ಹಂಗೇ ಇರ್ಲಿ."

ಇಪ್ಪತ್ತು ವರ್ಷದಿಂದ ನಾವಿಬ್ಬರೂ ಇದೇ ಜಗಳ ಆಡುತ್ತಾ ಬಂದಿದ್ದೇವೆ. ಬಿಚ್ಚಿ ಒಳಗೆಲ್ಲಾ ತೊಳೆಯುವುದಕ್ಕೇ ಒಂದು ದಿನ ಹಿಡಿಯಿತು. ಕೊಬ್ಬರಿ ಎಣ್ಣೆ ಒಣಗಿ ಅರಗಿನಂತೆ ಗಟ್ಟಿಯಾಗಿ ಕೂತಿತ್ತು. ಸ್ಪ್ರಿಂಗಿನ ಸುರುಳಿಗಳ ನಡುವೆ ಅರಿಶಿನದ ಪುಡಿ ಸಿಕ್ಕಿತು. ಭಾಯ್ ಅದನ್ನು ಬ್ರಷ್ಷಿನಿಂದ ತೆಗೆದು ಬಿಳಿ ಕಾಗದದ ಮೇಲೆ ಹರಡಿ, "ಸಾರಿಗೆ ಆಗತ್ತೆ ಮೇಡಂ, ಮನೆಗೆ ತಗೊಂಡೋಗಿ," ಅಂದರು.

ಅನುಮತಿಯ ಕಾಗದ ಮಾಡಿಸಿಕೊಂಡು ಭಾಯ್ ಪಿಸ್ತೂಲನ್ನು ರೇಂಜಿಗೆ ತಂದರು. ಗುಂಡಿನ ವಿಷಯದಲ್ಲಿ ನಾನು ರಾಜಿ ಆಗುವವಳಲ್ಲ. ಸಿಕ್ಕಿದ ಪಾಯಿಂಟ್ ಟೂ ಟೂ ಅಳತೆಯ ಗುಂಡನ್ನೆಲ್ಲಾ ಹಳೆಯ ಪಂದ್ಯದ ಪಿಸ್ತೂಲಿಗೆ ತುಂಬಬಾರದು. ವೇಗದ ಗುಂಡು ಹಾಕಿದರೆ ಸ್ಲೈಡು ಹಿಂದಕ್ಕೆ ಬಡಿದು ಚೌಕಟ್ಟೇ ಬಿರುಕು ಬಿಡಬಹುದು. ನಿಧಾನದ, ಗುರಿ ಅಭ್ಯಾಸದ ಗುಂಡನ್ನೇ ತರಿಸಿದ್ದೆ. ಮೊದಲ ಗುಂಡನ್ನು ನಾನೇ ಹೊಡೆದೆ. ಹಲಗೆಯ ಕಪ್ಪು ವೃತ್ತದ ನಡುವಿಗೇ ಹೋಯಿತು. ಟ್ರಿಗರ್ ಎಂಥದ್ದು ಅಂತೀರಿ! ಬೆರಳು ಇಟ್ಟರೆ ಸಾಕು, ಪಿಸ್ತೂಲಿಗೇ ನನ್ನ ಮನಸ್ಸು ಗೊತ್ತಾದಂತೆ ಬಿಡುತ್ತಿತ್ತು. ಎರಡನೆಯದೂ ಚೆನ್ನಾಗಿ ಹೋಯಿತು. ಮೂರನೆಯದಕ್ಕೆ ಸ್ಲೈಡು ಅರ್ಧಕ್ಕೇ ನಿಂತಿತು. ಹೊಡೆದ ಗುಂಡಿನ ಖಾಲಿ ಹಿತ್ತಾಳೆ ಕೇಸು ಹೊರಗೆ ಹಾರದೆ ಒಳಗೇ ಕಚ್ಚಿಕೊಂಡಿತ್ತು. ಕಡ್ಡಿಯಿಂದ ತಳ್ಳಿ ತೆಗೆದು ಮತ್ತೆ ಹೊಡೆದೆ. ಮತ್ತೆ ಅದೇ ಕಥೆ. ಮಗಳು ನನ್ನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು. ಅಣ್ಣ ಅಲ್ಲಿರಲಿಲ್ಲ ಎನ್ನುವುದೊಂದೇ ಸಮಾಧಾನ.

ಕಚ್ಚಿಕೊಂಡಿದ್ದ ಕೇಸನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಮೈಮೇಲೆ ಒಂದೇ ಕಡೆ ಉದ್ದಕ್ಕೆ ಗೀರು. ಭೂತಗನ್ನಡಿ ಇಟ್ಟು ನಳಿಕೆಯ ಹಿಂಬಾಯಿ ನೋಡಿದರೆ ರೋಗ ಅಲ್ಲೇ ಇತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ ಜಾತಿಯ ಗುಂಡಿನಲ್ಲಿ ಕಿಡಿ ಹುಟ್ಟುವ ಮದ್ದು ಇರುವುದು ಹಿಂಬದಿಯ ಅಂಚಿನೊಳಗೆ. ಅದಕ್ಕೇ ಇದನ್ನು ರಿಮ್‌ಫೈರ್ ಅನ್ನುತ್ತಾರೆ. ಟ್ರಿಗರ್ ಎಳೆದಾಗ ಪಿನ್ನು ಬಂದು ಆ ಅಂಚಿಗೆ ಬಡಿಯುತ್ತದೆ. ಒಳಗೆ ಗುಂಡೇ ಇಲ್ಲದೆ ಟ್ರಿಗರ್ ಎಳೆದರೆ ಪಿನ್ನಿಗೆ ಹಿತ್ತಾಳೆ ಸಿಗುವುದಿಲ್ಲ, ಹೋಗಿ ಗುಂಡು ಕೂರುವ ಗೂಡಿನ ಉಕ್ಕಿನ ಅಂಚಿಗೇ ಬಡಿಯುತ್ತದೆ. ಒಂದೆರಡು ಸಲಕ್ಕೆ ಏನೂ ಆಗುವುದಿಲ್ಲ. ನೂರಾರು ಸಲ ಆದರೆ ಅಂಚು ಹಳ್ಳ ಬಿದ್ದು, ಅಲ್ಲಿಯ ಉಕ್ಕು ಗೂಡಿನೊಳಕ್ಕೆ ಉಬ್ಬಿಕೊಳ್ಳುತ್ತದೆ. ಆ ಉಬ್ಬೇ ಕೇಸನ್ನು ಕಚ್ಚಿ ಹಿಡಿಯುತ್ತಿತ್ತು.

"ಯಾವ ಪುಣ್ಯಾತ್ಮ ಇದನ್ನ ಖಾಲಿ ಹೊಡೆದಿದ್ದು?" ಎಂದು ಕೂಗಿಯೇ ಬಿಟ್ಟೆ.

"ಅಪ್ಪ ಅಲ್ಲ," ಅಂದಳು ಮಗಳು ತಕ್ಷಣ. "ನಾನು ಚಿಕ್ಕವಳಿದ್ದಾಗ ಒಂದ್ಸಲ ಖಾಲಿ ಎಳೆದಿದ್ದಕ್ಕೆ ಎರಡು ದಿನ ಮಾತಾಡ್ಸಿರ್ಲಿಲ್ಲ. ಅಪ್ಪ ಇಂಥದ್ದು ಮಾಡೋರೇ ಅಲ್ಲ ಮೇಡಂ."

ಆ ಮಾತು ನನ್ನನ್ನು ಚಿಂತೆಗೆ ಹಚ್ಚಿತು. ಖಾಲಿ ಹೊಡೆದಿಲ್ಲ ಎಂದಾದರೆ ಯಾರೋ ಹಳೆಯ ಪಿನ್ನು ತೆಗೆದು ಉದ್ದನೆಯ ಬೇರೆ ಪಿನ್ನು ಹಾಕಿರಬೇಕು. ಹಾಗಿದ್ದರೆ ಉಬ್ಬು ಸರಿಮಾಡಿದರೂ ಪ್ರಯೋಜನವಿಲ್ಲ, ಮತ್ತೆ ಬರುತ್ತದೆ. ಔಷಧಿ ಕೊಡುವ ಮೊದಲು ಕಾಯಿಲೆ ಎಲ್ಲಿಂದ ಬಂತು ಎಂದು ತಿಳಿಯಲೇಬೇಕಿತ್ತು. ಅಪ್ಪನ ಸಾಮಾನುಗಳಲ್ಲಿ ಹಳೆಯ ಪಿನ್ನು ಸಿಗಬಹುದೇನೋ ಎಂದು ನಾನೇ ಅನುಗೊಂಡನಹಳ್ಳಿಗೆ ಹೊರಟೆ.

ಮನೆಯ ಮುಂದೆ ರಾಗಿ ಹರಡಿದ್ದರು. ತಾಯಿ ಅದರ ಪಕ್ಕದಲ್ಲಿ ಕೋಳಿ ಓಡಿಸುತ್ತಾ ಕೂತಿದ್ದರು. ಎಪ್ಪತ್ತೈದರ ಮೇಲೆ ವಯಸ್ಸು, ಕಿವಿಯಲ್ಲಿ ದೊಡ್ಡ ಓಲೆ, ದನಿ ಗಟ್ಟಿ. ಕಾಫಿ ಕೊಟ್ಟು, ಗಂಡನ ಪೆಟ್ಟಿಗೆ ತಂದು ಮುಂದಿಟ್ಟರು. ಅದರಲ್ಲಿ ಬ್ರಷ್ಷು, ಸ್ಕ್ರೂಡ್ರೈವರ್, ಪಂದ್ಯದ ಪದಕಗಳಿದ್ದವು, ಪಿನ್ನು ಇರಲಿಲ್ಲ. ಕೈ ತೊಳೆಯಲು ಒಳಗೆ ಹೋದಾಗ ದೇವರ ಗೂಡಿನ ಕಡೆ ಕಣ್ಣು ಹೋಯಿತು. ಕುಂಕುಮದ ಬಟ್ಟಲಿನ ಪಕ್ಕದಲ್ಲಿ, ಒಂದು ಹೂವಿನ ಎಸಳಿನ ಮೇಲೆ, ಖಾಲಿ ಹಿತ್ತಾಳೆ ಕೇಸು ನಿಂತಿತ್ತು.

ಕೇಳಿ ಕೈಗೆ ತೆಗೆದುಕೊಂಡೆ. ಅದರ ಅಂಚಿನ ಸುತ್ತ ಪಿನ್ನಿನ ಏಟುಗಳು, ಒಂದರ ಪಕ್ಕ ಒಂದು, ಒತ್ತಾಗಿ. ನನಗೆ ಅಪ್ಪ ಅರ್ಥವಾದರು. ಟ್ರಿಗರ್ ಅಭ್ಯಾಸಕ್ಕೆ ಆ ಮನುಷ್ಯ ಹೊಡೆದ ಕೇಸನ್ನೇ ಗೂಡಿನಲ್ಲಿಟ್ಟು, ಪ್ರತಿ ಏಟಿಗೂ ತುಸು ತಿರುಗಿಸಿ ಇಡುತ್ತಿದ್ದರು. ಏಟು ಹಿತ್ತಾಳೆಗೆ ಬೀಳುತ್ತದೆ, ಉಕ್ಕು ಉಳಿಯುತ್ತದೆ. ನನ್ನ ಶಿಷ್ಯರಿಗೆ ನಾನು ಹೇಳಿಕೊಡುವುದೂ ಅದನ್ನೇ.

"ಇದು ದೇವರ ಹತ್ರ ಯಾಕಿದೆ ಅಮ್ಮ?"

"ಅದಾ? ಪೂಜೆಗೆ ಮುಂಚೆ ನಾನೇ ತೆಗೆದು ಅಲ್ಲಿಡ್ತಿದ್ದೆ ಕಣಮ್ಮ."

"ಯಾವ ಪೂಜೆ?"

ತಾಯಿ ಗೋಡೆಗೆ ಒರಗಿ ಕೂತು ಹೇಳಿದರು. ಆಯುಧಪೂಜೆಯ ದಿನ ಆರತಿ ಆದ ಮೇಲೆ ಗಂಡ ಒಂದು ಸಲ ಟ್ರಿಗರ್ ಎಳೆಯುವುದು ಮನೆಯ ಪದ್ಧತಿ. ಟಕ್ ಅಂದರೆ ಪೂಜೆ ಮುಗಿಯಿತು ಎಂದು ಲೆಕ್ಕ. ಆಮೇಲೆ ಅವರಿಗೆ ಕೈ ನಡುಗುವ ಕಾಯಿಲೆ ಬಂತು. ಪಿಸ್ತೂಲು ಹಿಡಿಯಲಾಗಲಿಲ್ಲ, ಕೊನೆಗೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ.

"ಆಗ ನಾನು ಶುಕ್ರವಾರ ಶುಕ್ರವಾರ ದೇವರ ದೀಪ ಹಚ್ಚಿದ್ಮೇಲೆ ಅದನ್ನ ತೆಗೆದು, ಎಣ್ಣೆ ಒರೆಸಿ, ಕುಂಕುಮ ಇಟ್ಟು, ಅವರ ತಲೆದಸೀಲಿ ಕೂತ್ಕೊಂಡು ಟಣ್ ಅನ್ನಿಸ್ತಿದ್ದೆ. ಒಂದ್ಸಲ ಅಂದ್ರೆ ಅವರಿಗೆ ಸಾಲ್ತಿರ್ಲಿಲ್ಲ. ಇನ್ನೊಂದು, ಇನ್ನೊಂದು ಅಂತಿದ್ರು. ಮಕ್ಕಳಂಗೆ ನಗೋರು ಕಣಮ್ಮ. ವಾರವೆಲ್ಲಾ ನಗ್ದೋರು ಅವಾಗ ಒಂದು ನಗೋರು. ಮಕ್ಕಳು ಬೈತಾರೆ ಅಂತ ಯಾರ್ಗೂ ಹೇಳಿರ್ಲಿಲ್ಲ."

"ಮತ್ತೆ ಈ ಕೇಸು?"

"ಅದು ಗುಂಡಲ್ವಾ? ಒಳಗೆ ಇತ್ತು. ನಂಗೇನ್ ಗೊತ್ತಾಗತ್ತೆ, ಹೊಡೆದು ಗಿಡೆದು ಬಿಟ್ರೆ ಅಂತ ಹೆದರಿ ಮೊದ್ಲು ಅದನ್ನ ತೆಗೆದು ದೇವರ ಹತ್ರ ಇಟ್ಟು, ಆಮೇಲೇನೇ ಎಳೀತಿದ್ದೆ."

ಕಾಪಾಡಬೇಕು ಎಂದು ಆಕೆ ತೆಗೆದಿಟ್ಟದ್ದೇ ಪಿಸ್ತೂಲನ್ನು ಕಾಪಾಡುತ್ತಿದ್ದ ವಸ್ತು. ಹಾಸಿಗೆಯಲ್ಲಿದ್ದ ಗಂಡನಿಗೆ ಅದು ಕಂಡಿತ್ತೋ, ಕಂಡೂ ಹೆಂಡತಿಯ ಕೈ ತಡೆಯುವ ಮನಸ್ಸಾಗಲಿಲ್ಲವೋ, ಈಗ ಹೇಳುವವರಿಲ್ಲ. ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ. ನಾನು ಸುಳ್ಳು ಹೇಳಿದರೆ ನನ್ನ ಮುಖವೇ ಹೇಳಿಬಿಡುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಕೇಸನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದರು. ಆಮೇಲೆ, "ಹಂಗಾದ್ರೆ ನಾನೇ ಅದನ್ನ ಕೆಡಿಸ್ಬಿಟ್ನಾ? ಮಗಳಿಗೆ ಸಿಗದಂಗೆ ನಾನೇ ಮಾಡ್ಬಿಟ್ನಾ?" ಅಂದರು.

"ಕೆಟ್ಟಿಲ್ಲ ಅಮ್ಮ. ಗಾಯ ಆಗಿದೆ. ಎಲ್ಲಿ ಅಂತ ಗೊತ್ತಾಯ್ತು, ಹೆಂಗಾಯ್ತು ಅಂತಾನೂ ಗೊತ್ತಾಯ್ತು. ಪಿನ್ನು ಹಳೇದೇ. ಸರಿ ಮಾಡೇ ಮಾಡ್ತೀನಿ."

"ಅವಳು ಹೊಡೆಯೋ ದಿನ ನಾನೂ ಬರ್ತೀನಿ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದಿನಾನೂ ಅವರು ಹೊಡೆಯೋದನ್ನ ನೋಡ್ಲಿಲ್ಲ ನಾನು."

ಅಂಗಡಿಗೆ ಬಂದಾಗ ಭಾಯ್ ಆಗಲೇ ಕೂದಲಿನಷ್ಟು ಸಣ್ಣ ಅರ ಹಿಡಿದು ಕೂತಿದ್ದರು. ಉಬ್ಬನ್ನು ಉಜ್ಜಿ ತೆಗೆದರೆ ಐದು ನಿಮಿಷದ ಕೆಲಸ ಎಂಬುದು ಅವರ ವಾದ. ನಿಜ, ಕೇಸು ಆಗ ಸಲೀಸಾಗಿ ಹೊರಬರುತ್ತದೆ. ಆದರೆ ಉಜ್ಜಿದ ಉಕ್ಕು ಹೋದದ್ದು ಹೋಯಿತು. ಅಂಚಿನಲ್ಲಿ ಶಾಶ್ವತವಾಗಿ ಒಂದು ಹಳ್ಳ ಉಳಿಯುತ್ತದೆ, ಅಲ್ಲಿ ಗುಂಡಿನ ಅಂಚಿಗೆ ಮುಂದಿನಿಂದ ಆಸರೆ ಇರುವುದಿಲ್ಲ, ಪಿನ್ನಿನ ಏಟು ಮೆತ್ತಗಾಗಿ ಗುಂಡು ಹತ್ತದೇ ಹೋಗಬಹುದು.

"ಅರ ಕೆಳಗಿಡಿ ಭಾಯ್. ಆ ಉಕ್ಕು ಎಲ್ಲೂ ಓಡಿ ಹೋಗಿಲ್ಲ, ಒಳಗೆ ಬಾಗಿ ನಿಂತಿದೆ ಅಷ್ಟೆ. ಒತ್ತಿ ಅದರ ಜಾಗಕ್ಕೆ ವಾಪಸ್ ಕಳಿಸ್ಬೇಕು."

"ಒತ್ತುವಾಗ ಗೂಡು ಬಿರುಕು ಬಿಟ್ರೆ? ಅರದಲ್ಲಿ ಆದ್ರೆ ಭಾನುವಾರಕ್ಕೆ ಗ್ಯಾರಂಟಿ ಮೇಡಂ. ಇವರ ಅಣ್ಣ ಕೇಳೋದು ಒಂದು ದಿನದ ಪರೀಕ್ಷೆ ತಾನೇ?"

ಅದೇ ಅಲ್ಲಿದ್ದ ಇಕ್ಕಟ್ಟು. ಒಂದು ದಿನ ಗೆಲ್ಲಬೇಕಾದರೆ ಅರವೇ ಸುಲಭದ ದಾರಿ. ಇನ್ನು ಮೂವತ್ತು ವರ್ಷ ಅವಳ ಕೈಯಲ್ಲಿ ಹೊಡೆಯಬೇಕಾದರೆ ಒತ್ತಬೇಕು, ಒತ್ತುವಾಗ ಕೆಟ್ಟರೆ ಎಲ್ಲಾ ಕೆಟ್ಟಂತೆ. ನಾನು ಅಲ್ಲೇ ಮೇಜಿನ ಬಳಿ ನಿಂತಿದ್ದ ಮಗಳ ಮುಖ ನೋಡಿದೆ. ಪಿಸ್ತೂಲು ಅವಳದು, ತೀರ್ಮಾನವೂ ಅವಳದೇ ಆಗಬೇಕು.

"ಒತ್ತಿ ಮೇಡಂ," ಅಂದಳು. "ಅರ ಬೇಡ."

ಒತ್ತಲು ಬೇಕಾದದ್ದು ಗಟ್ಟಿ ಉಕ್ಕಿನ ಒಂದು ನಯವಾದ ಕಡ್ಡಿ. ತುದಿ ಸಣ್ಣಗಿದ್ದು, ಹಿಂದೆ ಹೋದಂತೆ ಗೂಡಿನ ಅಳತೆಗೆ ಸರಿಯಾಗಿ ದಪ್ಪವಾಗಬೇಕು. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಅವಳು ಗೂಡಿನ ಅಳತೆ ತೆಗೆದುಕೊಂಡು ಹೋಗಿ, ಸೋಂಪುರದಲ್ಲಿ ತನ್ನ ಕಾರ್ಖಾನೆಯ ಟೂಲ್ ರೂಮಿನವರನ್ನು ಕಾಡಿ ಬೇಡಿ ಮಾಡಿಸಿ ತಂದಳು. ಕನ್ನಡಿಯಂತೆ ಹೊಳೆಯುತ್ತಿತ್ತು. ಎಣ್ಣೆ ಸವರಿ ಗೂಡಿಗೆ ಇಳಿಸಿ, ಉಬ್ಬಿದ ಕಡೆಗೆ ಒತ್ತಿ ತಿರುಗಿಸಿದೆ. ಸಲೀಸಾಗಿ ತಿರುಗಿತು. ಅಷ್ಟು ಸಲೀಸಾಗಿ ತಿರುಗಬಾರದಿತ್ತು. ತೆಗೆದು ನೋಡಿದರೆ ಉಬ್ಬು ಅರ್ಧ ಇಳಿದು ಅರ್ಧ ಹಾಗೇ ಇತ್ತು. ಕಡ್ಡಿ ಸಣ್ಣದಾಗಿತ್ತು.

"ನನ್ ಅಳತೆ ತಪ್ಪಲ್ಲ ಮೇಡಂ," ಅಂದಳು, ಸಿಟ್ಟು ಬಂದಿತ್ತು ಅವಳಿಗೆ.

ತಪ್ಪಿರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಗೂಡಿನ ಗೋಡೆಗೆ ತೆಳ್ಳಗೆ ಜೇನಿನ ಬಣ್ಣದ ಪದರ. ಅದೇ ಕೊಬ್ಬರಿ ಎಣ್ಣೆ! ಎಷ್ಟು ವರ್ಷದ ಶುಕ್ರವಾರಗಳೋ, ಒಣಗಿ ಗಾಜಿನಂತೆ ಅಂಟಿಕೊಂಡು ನಮ್ಮೆಲ್ಲರ ಬ್ರಷ್ಷನ್ನೂ ಏಮಾರಿಸಿತ್ತು. ಅವಳು ಅಳೆದದ್ದು ಗೂಡನ್ನಲ್ಲ, ಎಣ್ಣೆ ಮೆತ್ತಿದ ಗೂಡನ್ನು. ರಾತ್ರಿಯಿಡೀ ದ್ರಾವಣದಲ್ಲಿ ನೆನೆಸಿ, ಬೆಳಿಗ್ಗೆ ತಾಮ್ರದ ಬ್ರಷ್ಷಿನಲ್ಲಿ ಉಜ್ಜಿ, ಉಕ್ಕು ಕಂಡ ಮೇಲೆ ಮತ್ತೆ ಅಳೆದೆವು. ಟೂಲ್ ರೂಮಿನವರು ಎರಡನೇ ಕಡ್ಡಿಗೆ ಬೈದುಕೊಂಡೇ ಮಾಡಿಕೊಟ್ಟರಂತೆ. ಈ ಸಲ ಕಡ್ಡಿ ಬಿಗಿಯಾಗಿ ಇಳಿಯಿತು. ನಾನು ಉಸಿರು ಹಿಡಿದು ಒತ್ತಿದೆ. ಕೈಗೆ ಒಂದು ಸಣ್ಣ ತಡೆ ಸಿಕ್ಕಿತು, ಇನ್ನೂ ತುಸು ಒತ್ತಿದಾಗ ಅದು ಕರಗಿತು. ತೆಗೆದು, ಹೊಸ ಕೇಸೊಂದನ್ನು ಗೂಡಿಗೆ ಬಿಟ್ಟೆ. ತನ್ನ ಪಾಡಿಗೆ ಜಾರಿ ಕೂತಿತು, ಬಗ್ಗಿಸಿದರೆ ತನ್ನ ಪಾಡಿಗೆ ಹೊರಗೆ ಬಿತ್ತು.

ಭಾಯ್ ಅರವನ್ನು ಡ್ರಾಯರಿಗೆ ಹಾಕಿ, "ಆಯ್ತು ಬಿಡಿ, ನೀವೇ ಗೆದ್ರಿ, ಟೀ ಹೇಳ್ತೀನಿ," ಅಂದರು.

ಭಾನುವಾರ ಎಲ್ಲರೂ ರೇಂಜಿಗೆ ಬಂದರು. ತಾಯಿ ರೇಷ್ಮೆ ಸೀರೆ ಉಟ್ಟಿದ್ದರು. ಹಿಂದಿನ ಬೆಂಚಿನಲ್ಲಿ ಕೂರಿಸಿ, ಗುಂಡಿನ ಸದ್ದು ತಡೆಯಲು ಕಿವಿ ಮುಚ್ಚಳ ಕೊಟ್ಟೆ. ಒಂದು ಕಿವಿಯದನ್ನು ಕೆಳಗೆ ಸರಿಸಿಕೊಂಡು, "ಓಲೆ ಒತ್ತುತ್ತೆ ಕಣಮ್ಮ," ಅಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಅಣ್ಣ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತರು.

ಮಗಳು ಅಪ್ಪನ ಹಿಡಿಯನ್ನೇ ಬಳಸುತ್ತೇನೆಂದು ಹಠ ಹಿಡಿದಿದ್ದಳು. ಅವಳ ಅಂಗೈಗೆ ಅದು ದೊಡ್ಡದು. ಇವತ್ತು ಗುಂಡು ಎಲ್ಲಿ ಬೀಳುತ್ತದೆ ಎಂಬುದಲ್ಲ, ಸಿಕ್ಕಿಕೊಳ್ಳುತ್ತದೋ ಇಲ್ಲವೋ ಎಂಬುದು ಮುಖ್ಯ ಎಂದು ಸುಮ್ಮನಾದೆ. ಮೊದಲ ಗುಂಡು ಹೊಡೆದಳು.

"ಇಷ್ಟೇನಾ?" ಎಂಬ ದನಿ ಹಿಂದಿನಿಂದ ಬಂತು. ತಾಯಿ ನಿಜಕ್ಕೂ ನಿರಾಶೆಯಲ್ಲಿದ್ದರು. "ಅಯ್ಯೋ, ನಾನು ಡಮಾರ್ ಅನ್ನತ್ತೆ ಅಂದ್ಕೊಂಡಿದ್ದೆ. ಒಗ್ಗರಣೆ ಸಿಡಿದಂಗೆ ಅಂತಲ್ಲ! ಇದಕ್ಕಾ ಆಯಪ್ಪ ಭಾನುವಾರ ಬಂದ್ರೆ ಊಟ ಬಿಟ್ಟು ಓಡ್ತಿದ್ದಿದ್ದು?"

ಅಣ್ಣನೂ ನಕ್ಕುಬಿಟ್ಟರು. ಗುಂಡಿನ ಹಿಂದೆ ಗುಂಡು ಹೋಗುತ್ತಿತ್ತು, ಖಾಲಿ ಕೇಸುಗಳು ಬಲಕ್ಕೆ ಹಾರಿ ನೆಲದ ಮೇಲೆ ಕಿಣಿಕಿಣಿ ಬೀಳುತ್ತಿದ್ದವು. ಪ್ರತಿ ಕಿಣಿಯನ್ನೂ ನಾನು ಎಣಿಸುತ್ತಿದ್ದೆ. ಐದು ಗುಂಡು ತುಂಬಿದ ಕೊನೆಯ ಮ್ಯಾಗಜಿನ್ ಹಾಕಿದಳು. ಎರಡು ಗುಂಡು ಹೋದವು. ಮೂರನೆಯದಕ್ಕೆ ಟ್ರಿಗರ್ ಎಳೆದಳು.

ಟಕ್.

ಬೆಂಕಿಯಿಲ್ಲ, ಏನಿಲ್ಲ. ಮಗಳ ಭುಜ ಕುಸಿದದ್ದು ಹಿಂದಿನಿಂದಲೇ ಕಂಡಿತು. "ಹಂಗೇ ಹಿಡಿ, ಗುರಿ ಬಿಡ್ಬೇಡ," ಎಂದು ನಾನು ಕೂಗಿದೆ. ಮದ್ದು ತಡವಾಗಿ ಹತ್ತಿಕೊಳ್ಳುವುದೂ ಉಂಟು, ಅರ್ಧ ನಿಮಿಷ ಕಾಯಲೇಬೇಕು.

"ಸಿಕ್ಕಾಕ್ಕೊಂತು," ಅಂದರು ಅಣ್ಣ, ಮೆಲ್ಲಗೆ. ಗೆದ್ದ ದನಿಯೇನೂ ಅಲ್ಲ ಅದು.

"ಇಲ್ಲ ಕಣೋ," ಅಂದರು ತಾಯಿ.

"ಅಮ್ಮಾ, ನಿಂಗೊತ್ತಾಗಲ್ಲ, ಸುಮ್ನಿರು."

"ನಂಗೊತ್ತಾಗ್ದೆ ಇನ್ಯಾರಿಗ್ಲಾ ಗೊತ್ತಾಗತ್ತೆ? ಎಷ್ಟು ಶುಕ್ರವಾರ ಎಳೆದಿದ್ದೀನಿ ನಾನು ಅದನ್ನ! ಖಾಲಿ ಎಳೆದ್ರೆ ಟಣ್ ಅಂತ ಕಬ್ಬಿಣ ಕೇಳತ್ತೆ. ಇದು ದಪ್ಪಕ್ಕೆ ಟಕ್ ಅಂತು. ಒಳಗೆ ಏನೋ ಇದೆ, ಅದಕ್ಕೆ ಸರಿಯಾಗೇ ಬಡಿದಿದೆ. ನಿಮ್ಮಪ್ಪ ಎಳೆದಾಗ ಹಿಂಗೇ ಅನ್ನೋದು. ನಾನು ಎಳೆದಾಗ ಯಾಕೆ ಬೇರೆ ಥರ ಕೇಳತ್ತೆ ಅಂತ ನಂಗೆ ಈಗ ಗೊತ್ತಾಯ್ತು."

ಮಗನಿಗೆ ತಲೆಬುಡ ತಿಳಿಯಲಿಲ್ಲ. ತಾಯಿ ಶುಕ್ರವಾರದ ಕಥೆಯನ್ನು ಅಲ್ಲೇ, ಬೆಂಚಿನ ಮೇಲೆ ಕೂತು, ತಗ್ಗದ ದನಿಯಲ್ಲಿ ಹೇಳಿಬಿಟ್ಟರು. ಕೇಸನ್ನು ತಾನು ತೆಗೆದಿಡುತ್ತಿದ್ದದ್ದನ್ನೂ ಬಿಡಲಿಲ್ಲ. ಅಷ್ಟು ಹೊತ್ತಿಗೆ ನಾನು ಹೋಗಿ ಸ್ಲೈಡು ಎಳೆದೆ. ಗುಂಡು ಸಲೀಸಾಗಿ ಹೊರಬಂತು. ಅದರ ಅಂಚಿನಲ್ಲಿ ಪಿನ್ನಿನ ಏಟು ಆಳವಾಗಿ, ಸ್ಪಷ್ಟವಾಗಿ ಬಿದ್ದಿತ್ತು. ಪಿಸ್ತೂಲು ತನ್ನ ಕೆಲಸ ಮಾಡಿತ್ತು, ಆ ಜಾಗದಲ್ಲಿ ಗುಂಡಿನೊಳಗೆ ಮದ್ದು ಹರಡಿರಲಿಲ್ಲ. ರಿಮ್‌ಫೈರ್ ಗುಂಡುಗಳಲ್ಲಿ ಅಪರೂಪಕ್ಕೆ ಹೀಗಾಗುತ್ತದೆ, ಪಂದ್ಯದಲ್ಲೂ ಇದನ್ನು ಹೊಡೆಯುವವರ ತಪ್ಪು ಅನ್ನುವುದಿಲ್ಲ.

ಅಣ್ಣನ ಅಂಗೈಗೆ ಗುಂಡು ಹಾಕಿ ತೋರಿಸಿದೆ. ಆಮೇಲೆ ಅದನ್ನೇ ಅರ್ಧ ಸುತ್ತು ತಿರುಗಿಸಿ ಗೂಡಿನಲ್ಲಿ ಕೂರಿಸಿ, ಪಿಸ್ತೂಲನ್ನು ಮಗಳ ಕೈಗೆ ಕೊಟ್ಟೆ. ಎಳೆದಳು. ಗುಂಡು ಹಾರಿತು, ಕೇಸು ಕಿಣಿ ಅಂದಿತು. ಉಳಿದ ಎರಡನ್ನೂ ಹೊಡೆದು ಮುಗಿಸಿ, ಪಿಸ್ತೂಲು ಖಾಲಿ ಮಾಡಿ ತೋರಿಸಿ, ಮೇಜಿನ ಮೇಲಿಟ್ಟು ಅತ್ತಳು.

"ಕಣ್ಣಲ್ಲಿ ನೀರು ಹಾಕ್ಬಾರ್ದು ಅಂದಿದ್ನಲ್ಲೇ," ಅಂದರು ಅಣ್ಣ. ಅವರ ದನಿಯೂ ಸರಿಯಿರಲಿಲ್ಲ. ಭಾಯ್ ಕಡೆ ತಿರುಗಿ, "ಎಲ್ಲಿ ಸಹಿ ಹಾಕ್ಬೇಕು ಕೊಡಿ," ಅಂದರು. ಹಾಕಿದ ಮೇಲೆ ತಾಯಿಯ ಪಕ್ಕ ಬೆಂಚಿನಲ್ಲಿ ಕೂತು, "ನಗ್ತಿದ್ರಾಮ್ಮ ಅಪ್ಪ, ಆವಾಗ?" ಎಂದು ಕೇಳಿದ್ದು ನನಗೆ ಕೇಳಿಸಿತು.

ಹೊರಡುವಾಗ ತಾಯಿ ಬಗ್ಗಿ ನೆಲದಿಂದ ಒಂದು ಕೇಸು ಎತ್ತಿಕೊಂಡು ನನ್ನ ಮುಂದೆ ಹಿಡಿದರು.

"ಇದರಲ್ಲಿ ಗುಂಡಿಲ್ಲ ಅಲ್ವಾ?"

"ಇಲ್ಲ ಅಮ್ಮ. ಖಾಲಿ."

"ಇದನ್ನ ಒಳಗೇ ಬಿಟ್ಟು ಎಳೀಬೇಕು."

"ಹೌದು. ಪ್ರತಿ ಸಲ ಒಂಚೂರು ತಿರುಗ್ಸಿ ಇಡಿ. ಮಗಳು ಪಕ್ಕದಲ್ಲಿದ್ದಾಗ ಮಾತ್ರ, ನೀವೊಬ್ರೇ ಮುಟ್ಟೋ ಹಂಗಿಲ್ಲ. ಕಾಗದ ಎಲ್ಲಾ ಆಗಿ ಮನೆಗೆ ಬರೋಕೆ ಇನ್ನೂ ಒಂದೆರಡು ತಿಂಗಳು ಬೇಕು."

ಕೇಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಆಗ್ಲಿ ಬಿಡು ಕಣಮ್ಮ. ಯಾವ ಶುಕ್ರವಾರ ಆದ್ರೂ ಸರಿ," ಅಂದರು. "ಫೋಟೋದಲ್ಲಿ ಕೂತಿರೋ ಅವರೇನು ಎದ್ದು ಹೋಗಲ್ಲ."